ಹನ್ನೆರಡು ಗುಲಾಬಿ, ಒಂದು ಹಿತ್ತಾಳೆ ಡಬ್ಬಿ

ಸೊಲ್ಲಾಪುರದ ನಿರ್ವ್ಯಸನ ಮಂಡಳಿಯಲ್ಲಿ ಹನ್ನೊಂದು ಜನ ಸದಸ್ಯರಿದ್ದರು. ಅವರಲ್ಲಿ ಏಳು ಜನರಿಗೆ ಮೊದಲಿನಿಂದಲೂ ಯಾವ ಚಟವೂ ಇರಲಿಲ್ಲವಾದ್ದರಿಂದ ಬಿಡುವುದು ಬಹಳ ಸುಲಭವಾಗಿತ್ತು. ಉಳಿದ ನಾಲ್ವರು ಸಭೆಗೆ ಬರುವ ಮುಂಚೆ ಬಾಯಿ ಚೆನ್ನಾಗಿ ಮುಕ್ಕಳಿಸಿ, ಎರಡು ಏಲಕ್ಕಿ ಅಗಿದುಕೊಂಡು ಬರುತ್ತಿದ್ದರು. ರವಿವಾರದ ಸಭೆ ಕಾರ್ಯದರ್ಶಿ ಮಲ್ಲಿಕಾರ್ಜುನಪ್ಪನವರ ಮನೆಯ ಪಡಸಾಲೆಯಲ್ಲೇ ಕೂಡುತ್ತಿತ್ತು. ಚಹಾ ಒಂದು ಚಟವಲ್ಲ ಎಂದು ಮಂಡಳಿ ತನ್ನ ಮೊದಲ ಸಭೆಯಲ್ಲೇ, ತಲಾ ಎರಡು ಕಪ್ಪು ಕುಡಿದ ಮೇಲೆ, ಒಮ್ಮತದಿಂದ ಠರಾವು ಮಾಡಿತ್ತು. ಆ ಚಹಾ ಕಾಸುತ್ತಿದ್ದವಳು ಕಾರ್ಯದರ್ಶಿಗಳ ಹೆಂಡತಿ ಕಲ್ಯಾಣಮ್ಮ.

ಕಲ್ಯಾಣಮ್ಮ ಮಶೇರಿ ಹಚ್ಚುತ್ತಿದ್ದಳು.

ತಂಬಾಕಿನ ಎಲೆಯನ್ನು ಹೆಂಚಿನ ಮೇಲೆ ಕಪ್ಪಗೆ ಹುರಿದು, ಪುಡಿ ಮಾಡಿ, ಬೆರಳಿನಿಂದ ಹಲ್ಲಿಗೆ ತಿಕ್ಕಿಕೊಂಡರೆ ಅದು ಮಶೇರಿ. ಆ ಸೀಮೆಯ ಹೆಂಗಸರಲ್ಲಿ ಅರ್ಧ ಜನ ಹಚ್ಚುತ್ತಿದ್ದರು; ಉಳಿದರ್ಧ ಜನ ಹಚ್ಚುವುದಿಲ್ಲವೆಂದು ಹೇಳುತ್ತಿದ್ದರು. ಕಲ್ಯಾಣಮ್ಮನಿಗೆ ಅದನ್ನು ಕಲಿಸಿದವಳು ಅವಳ ತಾಯಿ. ಅಕ್ಕಲಕೋಟದ ಮಗ್ಗುಲ ಹಳ್ಳಿಯಿಂದ ಮಗಳನ್ನು ಗಂಡನ ಮನೆಗೆ ಕಳಿಸುವಾಗ, ಅಕ್ಕಲಕೋಟದ ಸಂತೆಯಲ್ಲಿ ಕೊಂಡ ಒಂದು ಹಿತ್ತಾಳೆಯ ಡಬ್ಬಿಯನ್ನು ಸೀರೆಯ ಮಡಿಕೆಯಲ್ಲಿಟ್ಟು, "ಅತ್ತಿ ಮನ್ಯಾಗ ಎಲ್ಲಾ ಅವರದs ಇರತೈತಿ ಮಗಳs, ಇದೊಂದು ನಿಂದು" ಎಂದು ಹೇಳಿದ್ದಳು. ಆ ತಾಯಿ ಸತ್ತು ಹದಿನೈದು ವರ್ಷವಾಗಿತ್ತು. ಮಾತು ಮಾತ್ರ ಖರೆಯಾಗಿಯೇ ಉಳಿದಿತ್ತು. ಮನೆ ಗಂಡನದು, ಪಡಸಾಲೆ ಮಂಡಳಿಯದು, ಹೆಣ್ಣುಮಕ್ಕಳಿಬ್ಬರು ಬೀಗರ ಪಾಲಾಗಿದ್ದರು. ಮಧ್ಯಾಹ್ನ ಗಂಡ ಕಚೇರಿಯಲ್ಲಿರುವಾಗ ಹಿತ್ತಲ ಮೆಟ್ಟಿಲ ಮೇಲೆ ಕೂತು, ಡಬ್ಬಿಯ ಮುಚ್ಚಳ ತೆಗೆದು, ಯಾರ ಮಾತಿಗೂ ಉತ್ತರ ಕೊಡಬೇಕಿಲ್ಲದ ಕಾಲು ತಾಸು ಒಂದೇ ಅವಳದು. ಬಾಯಲ್ಲಿ ಮಶೇರಿ ಇದ್ದಾಗ ಮಾತಾಡಲಿಕ್ಕೆ ಬರುವುದಿಲ್ಲವಲ್ಲ, ಅದೇ ಅದರ ದೊಡ್ಡ ಗುಣ.

ಹುರಿಯುವ ಘಾಟು ಮೂರು ಮನೆಯಾಚೆಗೂ ಹೋಗುವುದರಿಂದ, ಪಾತ್ರೆ ತಿಕ್ಕುವ ಜನಾಬಾಯಿ ತನ್ನ ಮನೆಯಲ್ಲೇ ಹುರಿದು, ವಾರಕ್ಕೊಂದು ಕಾಗದದ ಪೊಟ್ಟಣ ತಂದುಕೊಡುತ್ತಿದ್ದಳು. ಡಬ್ಬಿ ಹುರಳಿಯ ಗಡಿಗೆಯ ತಳದಲ್ಲಿ ಇರುತ್ತಿತ್ತು. ಮಲ್ಲಿಕಾರ್ಜುನಪ್ಪನವರಿಗೆ ಹುರಳಿ ಆಗಿಬರುತ್ತಿರಲಿಲ್ಲ. ತಂಬಾಕಿನ ಎಳೆಯೊಂದು ತಮ್ಮ ಹೊಸ್ತಿಲೊಳಗೆ ಕಂಡರೆ ಅದನ್ನು ತಂದವರ ಸಮೇತ ಹೊರಗೆ ಹಾಕುವೆನೆಂದು ಅವರು ಪ್ರತಿ ರವಿವಾರ ಮುಷ್ಟಿ ಕಟ್ಟಿ ಹೇಳುವಾಗ, ಒಳಗೆ ಕಲ್ಯಾಣಮ್ಮ ಚಹಾ ಸೋಸುತ್ತ, ಹುರಳಿಗೆ ಹುಳ ಬಿದ್ದಿಲ್ಲವೆಂದು ಒಮ್ಮೆ ಖಾತ್ರಿ ಮಾಡಿಕೊಳ್ಳುತ್ತಿದ್ದಳು.

ಮಲ್ಲಿಕಾರ್ಜುನಪ್ಪನವರು ಕೆಟ್ಟವರಲ್ಲ. ಒಬ್ಬ ದೊಡ್ಡ ವಕೀಲರ ಹತ್ತಿರ ಹೆಡ್ ಕಾರಕೂನರಾಗಿ ಮೂವತ್ತು ವರ್ಷ ಬೇರೆಯವರ ಜಗಳವನ್ನು ದುಂಡಗಿನ ಅಕ್ಷರದಲ್ಲಿ ಬರೆದವರು. ಅಂಜುಬುರುಕರೆಂದರೆ ಅನ್ಯಾಯವಾದೀತು, ಜಾಗರೂಕರು. ಮಾರ್ಷಲ್ ಲಾ ಬಂದ ವರ್ಷ ಊರಿನವರೆಲ್ಲ ಬಿಳಿಯ ಗಾಂಧಿ ಟೋಪಿಯನ್ನು ಟ್ರಂಕಿನಲ್ಲಿ ಮುಚ್ಚಿಟ್ಟರೆ, ಎಂದೂ ಟೋಪಿಯನ್ನೇ ಹಾಕದ ಇವರು ತಮ್ಮ ರುಮಾಲನ್ನು ಇನ್ನೂ ಎರಡು ಸುತ್ತು ದೊಡ್ಡದಾಗಿ ಸುತ್ತಿಕೊಂಡು, ತಾವು ಟೋಪಿಯವರಲ್ಲವೆಂದು ದೂರದಿಂದಲೇ ಪೊಲೀಸರಿಗೆ ತಿಳಿಯುವಂತೆ ಮಾಡಿದ್ದರು. ಆ ರುಮಾಲು ಮುಂದೆ ಸಣ್ಣದಾಗಲೇ ಇಲ್ಲ.

ಅದಾಗಿ ನಾಲ್ಕನೆಯ ವರ್ಷ, ದೀಪಾವಳಿಯ ಹೊತ್ತಿಗೆ, ಅವರು ಪುಣೆಯಿಂದ ಒಂದು ಡಜನ್ ಕಸಿ ಗುಲಾಬಿ ಸಸಿಗಳನ್ನು ರೈಲಿನಲ್ಲಿ ತರಿಸಿ ಕುಂಡಗಳಲ್ಲಿ ನೆಟ್ಟರು. ಕಾರಣ, ಓಣಿಯಾಚೆಯ ಪ್ರಹ್ಲಾದರಾಯ ಮಾಸ್ತರರು ಹಿಂದಿನ ಸಂಕ್ರಾಂತಿಯ ಪುಷ್ಪ ಪ್ರದರ್ಶನದಲ್ಲಿ ಒಂದು ಶೇವಂತಿಗೆ ಗಿಡಕ್ಕೆ ಬೆಳ್ಳಿಯ ಕಪ್ಪು ಗೆದ್ದಿದ್ದರು. ಗೆದ್ದು ಸುಮ್ಮನಿರದೆ, ಹೋಗಿಬರುವವರಿಗೆಲ್ಲ ಕಾಣುವಂತೆ ಕಿಟಕಿಯಲ್ಲಿಟ್ಟಿದ್ದರು. ಮಲ್ಲಿಕಾರ್ಜುನಪ್ಪನವರು ದಿನಕ್ಕೆ ನಾಲ್ಕು ಸಲ ಆ ಕಿಟಕಿಯ ಮುಂದೆ ನಡೆಯಬೇಕಾಗಿತ್ತು. ಮನುಷ್ಯನ ಸಹನೆಗೂ ಒಂದು ಎಲ್ಲೆ ಇರುತ್ತದೆ.

ಸಸಿಗಳು ಚಿಗುರಿದವು. ಕಾರ್ತಿಕ ಮುಗಿಯುವಾಗ ನಾಲ್ಕು ದಿನ ಮೋಡ ಹಾಕಿತು, ಐದನೆಯ ದಿನ ಮಾವಾ, ಅಂದರೆ ಸಸ್ಯಹೇನು, ಬಿತ್ತು. ಎಳೆ ಕುಡಿಗಳ ಮೇಲೆ, ಮೊಗ್ಗಿನ ತೊಟ್ಟಿನ ಮೇಲೆ, ಎಲೆಯ ಕೆಳಗೆ, ಎಳ್ಳಿನಷ್ಟು ಗಾತ್ರದ ಹಸಿರು ಹೇನುಗಳು ಒತ್ತೊತ್ತಾಗಿ ಕೂತು ರಸ ಹೀರಲು ಹತ್ತಿದವು. ಎಲೆ ಮುದುಡಿದವು, ಜಿಗಿಜಿಗಿ ಅಂಟು ಸುರಿಯಿತು, ಅಂಟಿಗೆ ಇರುವೆ ಬಂದವು. ಕಲ್ಯಾಣಮ್ಮನಿಗೆ ಇದು ಹೊಸದಲ್ಲ. ತವರಿನ ಹೊಲದಲ್ಲಿ ಮೋಡ ಕವಿದಾಗಲೆಲ್ಲ ಕುಸುಬಿಯ ಗಿಡ ಹೀಗೇ ಆಗುವುದನ್ನು ಅವಳು ಕಂಡಿದ್ದಳು.

"ಬೆಳಿಗ್ಗೆ ಇಬ್ಬನಿ ಇದ್ದಾಗ ಒಲಿ ಬೂದಿ ಉಗ್ಗರಿ," ಎಂದಳು. "ನಮ್ಮಪ್ಪ ಹಂಗs ಮಾಡತಿದ್ದ."

"ಬೂದಿ ಹಣಿಗೆ ಹಚ್ಚೂದು, ಪುಣೇದ ಗುಲಾಬಿಗಲ್ಲ," ಎಂದರು ಮಲ್ಲಿಕಾರ್ಜುನಪ್ಪನವರು. "ಇದಕ್ಕ ಪದ್ಧತಶೀರ ಉಪಾಯ ಬೇಕು."

ಪದ್ಧತಿಯ ಪ್ರಕಾರ ಮೊದಲು ಒಂದು ಫೈಲು ತಯಾರಾಯಿತು. ಕುಂಡಗಳಿಗೆ ಒಂದರಿಂದ ಹನ್ನೆರಡರವರೆಗೆ ನಂಬರು ಬಿತ್ತು. ಮುಂಜಾನೆ ಲಿಂಗಪೂಜೆ ಮುಗಿಸಿ, ಕನ್ನಡಕ ಏರಿಸಿ, ಮಕ್ಕಳ ಬಣ್ಣದ ಕುಂಚವೊಂದನ್ನು ಹಿಡಿದು ಅವರು ಒಂದೊಂದೇ ಹೇನನ್ನು ಗುಡಿಸಿ ಬಟ್ಟಲಿಗೆ ಬೀಳಿಸುತ್ತಿದ್ದರು. ಒಂದು ತಾಸಿನಲ್ಲಿ ಒಂದು ಟೊಂಗೆ ಸ್ವಚ್ಛವಾಗುತ್ತಿತ್ತು. ಅವರು ಕಚೇರಿಗೆ ಹೋಗಿ ಬರುವುದರೊಳಗೆ ಹೇನುಗಳು, ಕಾರಕೂನರ ಹಾಗೆ ರವಿವಾರದ ರಜೆಯನ್ನೂ ತೆಗೆದುಕೊಳ್ಳದೆ, ಅಷ್ಟಕ್ಕಿಷ್ಟು ಮರಿ ಹಾಕಿರುತ್ತಿದ್ದವು.

ಆಮೇಲೆ ಅವರ ಕಣ್ಣು ಕೆಂಪು ಬೆನ್ನಿನ ಮೇಲೆ ಕರಿ ಚುಕ್ಕೆಯಿದ್ದ ದುಂಡು ಹುಳಗಳ ಮೇಲೆ ಬಿತ್ತು. ಅವು ಹೇನುಗಳ ನಡುವೆಯೇ ತಿರುಗುತ್ತಿದ್ದವು. ಹೇನು ಇದ್ದಲ್ಲಿ ಇವು, ಇವು ಇದ್ದಲ್ಲಿ ಹೇನು. ಅಂದ ಮೇಲೆ ಇವೇ ಅವುಗಳ ತಾಯಿತಂದೆ ಎಂದು ಅವರು ವಕೀಲರ ಕಚೇರಿಯಲ್ಲಿ ಕಲಿತ ತರ್ಕದಿಂದ ಸಿದ್ಧ ಮಾಡಿದರು. ಹಳೆಯ ಶಾಯಿಬಾಟಲಿಗೆ ಎಲ್ಲವನ್ನೂ ಹಿಡಿದು ಹಾಕತೊಡಗಿದರು.

"ಅಯ್ಯ, ಆ ಗುಲಗಂಜಿ ಹುಳ ಬಿಡ್ರಿ!" ಎಂದಳು ಕಲ್ಯಾಣಮ್ಮ. "ಅವು ಮಾವಾ ತಿನ್ನತಾವು. ಕುಸುಬ್ಯಾಗ ನೋಡೀನಿ ನಾ."

"ಕುಸುಬಿ ಬ್ಯಾರೆ, ಗುಲಾಬಿ ಬ್ಯಾರೆ."

"ಮಾವಾ ಒಂದs ಅಲ್ರಿ?"

ಅವರು ರುಮಾಲು ಸರಿಮಾಡಿಕೊಂಡು ಇನ್ನೊಂದು ಹುಳವನ್ನು ಬಾಟಲಿಗೆ ಹಾಕಿದರು. ಪೊಲೀಸರನ್ನು ತುರುಂಗಕ್ಕೆ ಹಾಕಿ ಕಳ್ಳರ ಕೈಗೆ ಮನೆಯ ಕೀಲಿ ಕೊಟ್ಟಹಾಗಾಯಿತು. ಎಂಟು ದಿನದಲ್ಲಿ ಗುಲಗಂಜಿ ಹುಳಗಳು ಬಾಟಲಿಯಲ್ಲಿ ಸತ್ತವು, ಗುಲಾಬಿಗಳು ಕುಂಡದಲ್ಲಿ ಸಾಯತೊಡಗಿದವು. ಎಲ್ಲಕ್ಕಿಂತ ಕೆಟ್ಟಿದ್ದ ಏಳನೆಯ ನಂಬರನ್ನು "ನಿರುಪಯೋಗಿ" ಎಂದು ಫೈಲಿನಲ್ಲಿ ಬರೆದು, ಅವರು ಹಿತ್ತಲಲ್ಲಿ ಬಚ್ಚಲ ಮೋರಿಯ ಹತ್ತಿರ ಒಗೆದುಬಿಟ್ಟರು.

ಅಲ್ಲಿಯೇ, ಮೆಟ್ಟಿಲ ಪಕ್ಕದಲ್ಲಿ, ಕಲ್ಯಾಣಮ್ಮ ಮಧ್ಯಾಹ್ನ ಮಶೇರಿ ಹಚ್ಚಿ ಬಾಯಿ ಮುಕ್ಕಳಿಸುತ್ತಿದ್ದದ್ದು. ಮಾತಾಡದೆ ಕೂತವರಿಗೆ ಎದುರು ಯಾವುದಾದರೂ ಇರಬೇಕು. ಏಳನೆಯ ನಂಬರು ಎದುರಿತ್ತು. ಕರಿ ನೀರು ದಿನಾ ಅದರ ಮೇಲೆಯೇ ಫುರ್ರೆಂದು ಬೀಳುತ್ತಿತ್ತು. ಹತ್ತು ದಿನದ ಮೇಲೆ ಅವಳು ನೋಡುತ್ತಾಳೆ, ಗಿಡದ ಮೇಲೆ ಒಂದು ಹೇನಿಲ್ಲ. ಮುದುಡಿದ ಎಲೆಗಳ ನಡುವಿಂದ ಕೆಂಪಗೆ ಹೊಸ ಚಿಗುರು ಹೊರಟಿದೆ. ಮೋರಿಯ ನೀರು ತಾಗಿತೋ, ಬಿಸಿಲು ತಾಗಿತೋ ಎಂದುಕೊಂಡು ಅವಳು ಸುಮ್ಮನಾದಳು.

ಆ ರವಿವಾರ ಮಂಡಳಿಯ ಸಭೆಯಲ್ಲಿ ಮಲ್ಲಿಕಾರ್ಜುನಪ್ಪನವರು ಒಂದು ಕಾಗದ ಹಿಡಿದು ಎದ್ದು ನಿಂತರು. ಅವರು ಪುಣೆಯ ಒಬ್ಬ ಕೃಷಿ ಪಂಡಿತರಿಗೆ ನಾಲ್ಕು ಪುಟದ ಅರ್ಜಿ ಬರೆದಿದ್ದರು. ಉತ್ತರ ಎರಡೇ ಸಾಲಿನಲ್ಲಿ ಬಂದಿತ್ತು.

"ಏನಂತ ಬರದಾನ ಗೊತ್ತೇನು? ತಂಬಾಕು! ತಂಬಾಕ ನೆನಸಿ, ಸೋಸಿ, ಸಾಬಾಣ ಕೂಡಿಸಿ ಹೊಡೀರಂತ! ಯಾರಿಗೆ? ನನಗ!" ಅವರು ಕಾಗದವನ್ನು ಹರಿದು ನಾಲ್ಕು ಮಾಡಿದರು. "ಗಿಡಾ ಒಣಗಿ ಹೋಗ್ಲಿ. ನನ್ನ ಹೊಸ್ತಲಾ ದಾಟಿ ತಂಬಾಕ ಬರಂಗಿಲ್ಲ."

ಸದಸ್ಯರು ಚಪ್ಪಾಳೆ ತಟ್ಟಿ ಚಹಾ ಕುಡಿದರು. ಬಾಗಿಲ ಹಿಂದೆ ಕಲ್ಯಾಣಮ್ಮ ಕಪ್ಪುಬಸಿಗಳ ತಾಟು ಹಿಡಿದು ನಿಂತವಳು ನಿಂತೇ ಇದ್ದಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಇಲ್ಲಿ ಮದ್ದೂ ಹಿತ್ತಲಲ್ಲೇ ಇತ್ತು, ಗಿಡವೂ ಹಿತ್ತಲಲ್ಲೇ ಇತ್ತು, ಮದ್ದಿನ ಗಡಿಗೆ ಅಡಿಗೆಮನೆಯಲ್ಲಿತ್ತು. ಅವಳಿಗೆ ನಗು ಬಂತು. ಬೆನ್ನಿಗೇ ಭಯವೂ ಬಂತು.

ಮೂರು ದಿನ ಅವಳು ಏನೂ ಮಾಡಲಿಲ್ಲ. ಮಾಡಲಿಕ್ಕೆ ಅವಳಿಗೇನು ಹುಚ್ಚೇ? ಡಬ್ಬಿ ಹೊರಬಿದ್ದರೆ ಹೋಗುವುದು ಒಂದು ಚಿಟಿಕೆ ತಂಬಾಕಲ್ಲ. ತಾಯಿ ಕೊಟ್ಟದ್ದು ಹೋಗುತ್ತದೆ, ಕಾಲು ತಾಸು ಹೋಗುತ್ತದೆ, ಉಳಿದ ಆಯುಷ್ಯವೆಲ್ಲ ರವಿವಾರದ ಉಪದೇಶಕ್ಕೆ ಉದಾಹರಣೆಯಾಗಿ ಕೂಡಬೇಕಾಗುತ್ತದೆ. ಗುಲಾಬಿ ಸತ್ತರೆ ಗಂಡ ಇನ್ನೊಂದು ಡಜನ್ ತರಿಸಿಯಾನು.

ನಾಲ್ಕನೆಯ ದಿನ ಬೆಳಿಗ್ಗೆ ಅವರು ಕುಂಡಗಳ ಮುಂದೆ ಕೂತಿದ್ದರು. ಕುಂಚ ಕೈಯಲ್ಲಿತ್ತು, ನಡೆಯುತ್ತಿರಲಿಲ್ಲ. ರುಮಾಲು ತೆಗೆದು ಪಕ್ಕದಲ್ಲಿಟ್ಟಿದ್ದರು. ಬೋಳು ತಲೆಯ ಮೇಲೆ ಬಿಸಿಲು ಬೀಳುತ್ತಿತ್ತು. ಅವಳು ಬಂದದ್ದು ಗೊತ್ತಾಗದೆ, ಅವರು ಐದನೆಯ ನಂಬರಿನ ಒಂದು ಕಪ್ಪಾದ ಮೊಗ್ಗನ್ನು ಬೆರಳಿನಿಂದ ನೇರ ಮಾಡಿ ನಿಲ್ಲಿಸಲು ನೋಡುತ್ತಿದ್ದರು. ಬಿಟ್ಟರೆ ಅದು ಮತ್ತೆ ಬಾಗುತ್ತಿತ್ತು. ಮಾಸ್ತರರ ಕಿಟಕಿಯಲ್ಲಿದ್ದಂಥ ಒಂದು ಬೆಳ್ಳಿಯ ಕಪ್ಪು, ಲಗ್ನವಾದ ಇಪ್ಪತ್ತಾರು ವರ್ಷಗಳಲ್ಲಿ ಈ ಮನುಷ್ಯ ತನಗೆಂದು ಆಸೆಪಟ್ಟದ್ದು ಅದೊಂದನ್ನೇ. ಮೂರ್ಖನಿರಲಿ, ತನ್ನ ಮೂರ್ಖನಲ್ಲವೇ ಎಂದುಕೊಂಡಳು ಕಲ್ಯಾಣಮ್ಮ.

ಅಂದು ಮಧ್ಯಾಹ್ನ ಅವಳು ಡಬ್ಬಿಯಲ್ಲಿದ್ದದ್ದನ್ನೆಲ್ಲ ತಂಬಿಗೆ ನೀರಿಗೆ ಸುರಿದಳು. ಹಳೆಯ ಸೀರೆಯ ತುಂಡಿನಲ್ಲಿ ಸೋಸಿದಳು. ಅಂಟವಾಳಕಾಯಿಯ ನೊರೆ ಕೂಡಿಸಿದಳು. ಎಲೆಗೆ ಹಿಡಿದು ನಿಲ್ಲಬೇಕಾದರೆ ಸಾಬಾಣಕ್ಕಿಂತ ಅದೇ ವಾಸಿ, ಅರಿವೆ ಒಗೆದ ಕೈಗೆ ಪುಣೆಯಿಂದ ಪತ್ರ ಬರಬೇಕಿಲ್ಲ. ಹುಲ್ಲಿನ ಕಟ್ಟಿನಿಂದ ಎಲೆಗಳ ಕೆಳಬದಿಗೆ, ಕುಡಿಗಳಿಗೆ, ತೊಟ್ಟುಗಳಿಗೆ ಎರಚಿದಳು. ಘಾಟು ಹೋಗಲೆಂದು ಸಂಜೆ ಗಂಡ ಬರುವ ಮುಂಚೆ ತಿಳಿನೀರಿನಿಂದ ಎಲೆ ತೊಳೆದಳು. ಮೂರು ದಿನ ಬಿಟ್ಟು ಮತ್ತೆ. ಮತ್ತೆ ಮೂರು ದಿನಕ್ಕೆ ಮತ್ತೆ.

ಪೊಟ್ಟಣ ವಾರಕ್ಕೊಂದು ಸಾಲದಾಯಿತು. ಜನಾಬಾಯಿ ಹುಬ್ಬೇರಿಸಿದಳು. "ಬಾಯೀರs, ನಿಮ್ಮ ಬಾಯಾಗ ಇರೂವು ಹಲ್ಲೋ, ಆನೀ ದಂತೋ?"

"ತರೂದಿದ್ರ ತಾ, ಇಲ್ಲಂದ್ರ ಬಿಡು."

ಎರಡು ಪೊಟ್ಟಣಕ್ಕಿಂತ ಹೆಚ್ಚು ತಂದರೆ ಓಣಿಗೆ ಗೊತ್ತಾಗುವಂತಿತ್ತು. ಎರಡೂ ಗುಲಾಬಿಗೇ ಬೇಕಾಗುತ್ತಿದ್ದವು. ಹೀಗಾಗಿ ನಿರ್ವ್ಯಸನ ಮಂಡಳಿ ಏಳು ವರ್ಷ ಉಪದೇಶ ಮಾಡಿ ಬಿಡಿಸಲಾರದ್ದನ್ನು ಹನ್ನೊಂದು ಗಿಡಗಳು ಬಿಡಿಸಿದವು. ಕಲ್ಯಾಣಮ್ಮ ಖಾಲಿ ಬಾಯಿಂದ ಮೆಟ್ಟಿಲ ಮೇಲೆ ಕೂಡುತ್ತಿದ್ದಳು. ತಲೆ ಸಿಡಿಯುತ್ತಿತ್ತು, ಒಸಡು ಜುಮುಗುಡುತ್ತಿತ್ತು. ಡಬ್ಬಿಯನ್ನು ಮೂಸಿ ನೋಡಿ ಮತ್ತೆ ಮುಚ್ಚುತ್ತಿದ್ದಳು. ಏಳನೆಯ ನಂಬರಿಗೆ ಮಾತ್ರ, ಮೊದಲಿನ ಗೆಳೆತನಕ್ಕಾಗಿ, ಸೋಸಿ ಉಳಿದ ಚರಟವನ್ನು ಬುಡಕ್ಕೆ ಹಾಕುತ್ತಿದ್ದಳು.

ಮಾರ್ಗಶಿರ ದಾಟುವಷ್ಟರಲ್ಲಿ ಗಿಡಗಳೆಲ್ಲ ತೊಳೆದಿಟ್ಟ ಹಾಗಾದವು. ಮಲ್ಲಿಕಾರ್ಜುನಪ್ಪನವರು ಫೈಲಿನಲ್ಲಿ "ಕುಂಚ ಚಿಕಿತ್ಸೆಯಿಂದ ಪೂರ್ಣ ಗುಣ" ಎಂದು ಬರೆದರು. ರವಿವಾರ ಅದೇ ವಿಷಯದ ಮೇಲೆ ಒಂದು ತಾಸು ಮಾತಾಡಿದರು. ಪುಣೆಯ ಪಂಡಿತನಿಗೂ ತಿಳಿಯದ್ದು ನೇಮದಿಂದ, ನಿಷ್ಠೆಯಿಂದ, ಶುದ್ಧವಾದ ಕೈಯಿಂದ ಸಾಧ್ಯವಾಯಿತಂತೆ. ಒಬ್ಬ ಸದಸ್ಯರು ಕಣ್ಣು ಒರೆಸಿಕೊಂಡರು. ಏಲಕ್ಕಿ ಖಾರವಾಗಿತ್ತೋ ಏನೋ.

ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ಅವರು ಹಿತ್ತಲಿಗೆ ಬಂದು ಏಳನೆಯ ನಂಬರನ್ನು ಕಂಡರು. ಅದರ ನಡುವೆ ಅಂಗೈಯಗಲದ ಒಂದೇ ಹೂವು, ರಕ್ತಗೆಂಪು, ಒಂದು ಎಸಳು ಹೆಚ್ಚುಕಡಿಮೆ ಇಲ್ಲ.

"ಇದನ್ನ ನಾ ಬೇಕಂತ ಇಲ್ಲಿಟ್ಟಿದ್ದೆ," ಎಂದರು. "ಹವಾ ಬದಲ್ ಆಗ್ಲಿ ಅಂತ. ಪ್ರದರ್ಶನಕ್ಕ ಇದs."

ಉಳಿದ ಗಿಡಗಳಿಗೆ ಬಿದ್ದದ್ದು ಸೋಸಿದ ನೀರು, ತೊಳೆದರೆ ಹೋಯಿತು. ಇದರ ಮಣ್ಣೇ ಒಂದು ತಿಂಗಳು ಮಶೇರಿ ಉಂಡ ಮಣ್ಣು. "ಮೂರನೇ ನಂಬರದ್ದು ಹೂ ದೊಡ್ಡದೈತಿ, ಅದನ್ನ ಒಯ್ರಿ," ಎಂದು ಹೇಳಿ ನೋಡಿದಳು ಕಲ್ಯಾಣಮ್ಮ.

"ನಿನಗ ಹೂವಿನ್ಯಾಗ ಏನ ತಿಳೀತೈತಿ?"

ಮರುದಿನ ಅವಳು ಕುಂಡದ ಮೇಲ್ಮಣ್ಣು ಕೆರೆದು ತೆಗೆದು ಹೊಸ ಮಣ್ಣು ತುಂಬಿದಳು, ಎಲೆ ಎಲೆಯನ್ನೂ ಒರೆಸಿದಳು. ಆದರೆ ಗಂಡ ಒಂದು ಹಲಗೆಯ ತುಂಡಿನ ಮೇಲೆ ತಮ್ಮ ದುಂಡು ಅಕ್ಷರದಲ್ಲಿ, ಮರಾಠಿಯಲ್ಲೂ ಕನ್ನಡದಲ್ಲೂ, "ತಂಬಾಕಿನ ಸೋಂಕಿಲ್ಲದೆ ಬೆಳೆಸಿದ ಗುಲಾಬಿ" ಎಂದು ಬರೆದು ಕುಂಡಕ್ಕೆ ಸಿಕ್ಕಿಸಿದಾಗ ಅವಳಿಗೆ ಕೂತಲ್ಲೇ ಬೆವರು ಬಂತು. ಕೆಟ್ಟ ಕಾಲ ಬಂದಾಗ ಗಂಡಸರು ಬೋರ್ಡು ಬರೆಯುತ್ತಾರೆ.

ಪ್ರದರ್ಶನ ಒಬ್ಬ ಹತ್ತಿ ವ್ಯಾಪಾರಿಯ ದೊಡ್ಡ ಹಜಾರದಲ್ಲಿ. ಗಂಡಸರು ಒಂದು ಕಡೆ, ನಡುವೆ ಸಾಲಾಗಿ ಕುಂಡಗಳು, ಇನ್ನೊಂದು ಕಡೆ ಜಮಖಾನದ ಮೇಲೆ ಹೆಂಗಸರು. ಪರೀಕ್ಷಕನಾಗಿ ಬಂದವನು ಅಕ್ಕಲಕೋಟದ ಗೊಲ್ಲಾಳಪ್ಪ, ಒಬ್ಬ ಇನಾಮದಾರರ ತೋಟವನ್ನು ನಲವತ್ತು ವರ್ಷ ನೋಡಿಕೊಂಡ ಮುದುಕ. ಸಾಹೇಬರೊಬ್ಬರು ಬರಬೇಕಾಗಿತ್ತು, ಅವರಿಗೆ ಜ್ವರ ಬಂದು ಇವನನ್ನು ಮೋಟಾರಿನಲ್ಲಿ ಕರೆಸಿದ್ದರು. ಅವನು ಒಂದೊಂದು ಗಿಡದ ಎಲೆಯನ್ನು ಮಗುಚಿ, ಮಣ್ಣು ಮುಟ್ಟಿ, ಮುಂದೆ ಸರಿಯುತ್ತ ಏಳನೆಯ ನಂಬರಿನ ಮುಂದೆ ಬಹಳ ಹೊತ್ತು ನಿಂತನು. ಬೆರಳನ್ನು ಮಣ್ಣಿನಲ್ಲಿ ಗೆಣ್ಣಿನವರೆಗೆ ಇಳಿಸಿ ತೆಗೆದು ಮೂಸಿದನು.

"ಯಾರ ಗಿಡಾರಿ ಇದು?"

"ನಮ್ಮದು," ಎಂದು ರುಮಾಲು ಮುಂದೆ ಬಂತು.

"ಈ ಹಲಗಿ ಮ್ಯಾಲ ಏನ ಬರದೀರಿ? ನನಗ ಓದಾಕ ಬರಂಗಿಲ್ಲ."

ಮಲ್ಲಿಕಾರ್ಜುನಪ್ಪನವರು ಹಜಾರಕ್ಕೆಲ್ಲ ಕೇಳುವಂತೆ ಓದಿದರು. ಗೊಲ್ಲಾಳಪ್ಪ ಹಲ್ಲಿಲ್ಲದ ಬಾಯಿಂದ ನಕ್ಕನು. "ಹಂಗಾರ ಹಲಗಿ ಸುಳ್ಳ ಹೇಳಬೇಕು, ಇಲ್ಲಾ ನನ್ನ ಮೂಗು ಸುಳ್ಳ ಹೇಳಬೇಕು. ಮೂಗಿಗೆ ಅರವತ್ತೆಂಟು ವರ್ಷ ಆತ್ರಿ, ಇನ್ನೂ ಸುಳ್ಳ ಕಲ್ತಿಲ್ಲ. ತಂಬಾಕೈತಿ ಇದರಾಗ. ಬರೇ ತಂಬಾಕಲ್ಲ, ಹುರದದ್ದು. ಮಶೇರಿ. ನಮ್ಮವ್ವ ಹಚ್ಚತಿದ್ಳು, ನನಗ ಗೊತ್ತಿಲ್ಲೇನು? ಬೇಸ್ ಮಾಡೀರಿ. ಹುಡುಕಿದ್ರೂ ಒಂದು ಮಾವಾ ಇಲ್ಲ."

ಮುದುಕ ಹೊಗಳಿದ್ದು. ಆದರೆ ಹಜಾರ ತಣ್ಣಗಾಯಿತು. ಪ್ರಹ್ಲಾದರಾಯ ಮಾಸ್ತರರು ಮೆಲ್ಲಗೆ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ, "ಮಶೇರಿ ತರ್ ಬಾಯಕಾ ಲಾವತಾತ್" ಎಂದರು. ಮಶೇರಿ ಹಚ್ಚುವವರು ಹೆಂಗಸರಲ್ಲವೇ? ಗಂಡಸರೆಲ್ಲ ಜಮಖಾನದ ಕಡೆ ತಿರುಗಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಲ್ಲಿ ಕೂತಿದ್ದ ಇಪ್ಪತ್ತು ಹೆಂಗಸರಲ್ಲಿ ಹದಿನಾಲ್ಕು ಜನ ತಟ್ಟನೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಅವರಲ್ಲಿ ಮಂಡಳಿಯ ಸದಸ್ಯರ ಹೆಂಡಂದಿರೇ ಐದು ಜನ.

ಕಲ್ಯಾಣಮ್ಮ ಹಿಡಿಯಲಿಲ್ಲ. ಅವಳು ಗಂಡನ ಮುಖ ನೋಡುತ್ತಿದ್ದಳು. ಆ ಮುಖದಲ್ಲಿ ಬಣ್ಣವೇ ಉಳಿದಿರಲಿಲ್ಲ. ಅವರು ಇಪ್ಪತ್ತಾರು ವರ್ಷ ಏನೆಲ್ಲ ಆಗಿದ್ದರು, ಆದರೆ ಸುಳ್ಳುಗಾರ ಆಗಿರಲಿಲ್ಲ. ತಾನು ಮಾಡಿದ್ದಕ್ಕೆ ಅವರು ನಾಲ್ಕು ಜನರ ಮುಂದೆ ಸುಳ್ಳುಗಾರರಾಗುವುದು ಅವಳಿಂದ ನೋಡಲಾಗಲಿಲ್ಲ. ಡಬ್ಬಿ ಹೋದರೆ ಹೋಗಲಿ. ಎದ್ದು ನಿಂತಳು. ಗಂಡಸರ ಸಭೆಯಲ್ಲಿ ಅವಳು ಎದ್ದು ನಿಂತದ್ದು ಜನ್ಮದಲ್ಲಿ ಅದೇ ಮೊದಲು.

"ಅದು ನಾ..." ಎಂದಳು.

ಮಲ್ಲಿಕಾರ್ಜುನಪ್ಪನವರ ಕಣ್ಣು ಅವಳ ಕಣ್ಣಿಗೆ ಒಂದು ಗಳಿಗೆ ಕೂಡಿತು. ಎಲ್ಲವೂ ಅವರಿಗೆ ಗೊತ್ತಾಯಿತು. ಆಮೇಲೆ ಅವರು ನೊಣ ಓಡಿಸುವವರಂತೆ ಕೈ ಆಡಿಸಿ, "ಕೂಡು ನೀ," ಎಂದು, ಸಭೆಯ ಕಡೆ ತಿರುಗಿದರು.

"ಬರೋಬರಿ! ಮಶೇರೀನs! ನಾನs ಹಾಕಿಸೀನಿ!" ಧ್ವನಿ ಎರಡನೆಯ ಮಾತಿಗೇ ರವಿವಾರದ ಧ್ವನಿಯಾಯಿತು. "ಹಲಗಿ ಬರದದ್ದು ಪರೀಕ್ಷಾ. ಯಾರ ಹಿಡೀತಾರ ನೋಡೂಣಂತ! ಸಜ್ಜನರs, ಒಂದು ಚಿಟಿಕಿ ಮಶೇರಿ ಇಷ್ಟು ಹುಳಾ ಕೊಲ್ಲತೈತಿ ಅಂದ್ರ, ನಮ್ಮ ನಿಮ್ಮ ಮನಿ ಹೆಣ್ಮಕ್ಕಳ ಗತಿ ಏನು? ತಂಬಾಕಿನ ಜಾಗಾ ಬಾಯಿ ಅಲ್ಲ, ಕುಂಡ! ಇದನ್ನ ತೋರಸಾಕs ಈ ಪ್ರಯೋಗ!"

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಚಪ್ಪಾಳೆಯೋ ಚಪ್ಪಾಳೆ. ಸೆರಗುಗಳು ಬಾಯಿಂದ ಇಳಿದವು. ಗೊಲ್ಲಾಳಪ್ಪನಿಗೆ ಭಾಷಣ ತಿಳಿಯಲಿಲ್ಲ, ಗಿಡ ತಿಳಿದಿತ್ತು. ಮುಚ್ಚಳವಿದ್ದ ಬೆಳ್ಳಿಯ ಕಪ್ಪನ್ನು ಮಲ್ಲಿಕಾರ್ಜುನಪ್ಪನವರ ಕೈಗೆ ಕೊಡಿಸಿದನು. ಕಲ್ಯಾಣಮ್ಮ ಯಾವಾಗಲೋ ಕೂತಿದ್ದಳು. ಸಿಕ್ಕಿಬಿದ್ದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಜನ್ಮಕ್ಕೊಮ್ಮೆ ಕೂಡಿಸಿಕೊಂಡ ಧೈರ್ಯವನ್ನು ಆ ಕೈ ನೊಣದಂತೆ ಓಡಿಸಿತ್ತು.

ಟಾಂಗಾದಲ್ಲಿ ಅವರು ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಮನೆ ಹತ್ತಿರ ಬಂದಾಗ, "ಎಷ್ಟು ವರ್ಷಾತು?" ಎಂದರು.

"ಲಗ್ನಕ್ಕಿಂತ ಮೊದ್ಲಿಂದ."

ಅವರು ಮತ್ತೇನೂ ಕೇಳಲಿಲ್ಲ. ಡಬ್ಬಿ ಕೇಳಿದರೆ ಎಸೆಯಗೊಡುವುದಿಲ್ಲ, ಡಬ್ಬಿಯ ಜೊತೆ ಅಕ್ಕಲಕೋಟದ ಹಾದಿ ಹಿಡಿಯುತ್ತೇನೆ ಎಂದು ಅವಳು ಮಾತು ಜೋಡಿಸಿಟ್ಟುಕೊಂಡಿದ್ದಳು. ಆ ಮಾತೂ ಒಳಗೇ ಉಳಿಯಿತು.

ಮರುದಿನ ಸಂಜೆ ಅವರು ಕಚೇರಿಯಿಂದ ಬರುವಾಗ ಕಂಕುಳಲ್ಲಿ ಒಂದು ದೊಡ್ಡ ಕಟ್ಟು ಇತ್ತು. ಮೊದಲ ಸಲ ಮುಂಬಾಗಿಲ ಹೊಸ್ತಿಲು ದಾಟಿ ತಂಬಾಕು ಬಂತು, ಅದೂ ಕಾರ್ಯದರ್ಶಿಗಳ ಕಂಕುಳಲ್ಲಿ. ಹಿತ್ತಲ ಮೆಟ್ಟಿಲ ಮೇಲೆ ಇಟ್ಟರು. ಮೇಲೆ ಚೀಟಿ ಅಂಟಿಸಿದ್ದರು. ಕಚೇರಿಯಲ್ಲಿ ಮೂವತ್ತು ವರ್ಷ ಮರಾಠಿಯ ಮೋಡಿ ಲಿಪಿಯಲ್ಲೇ ಬರೆದವರು ಅವಳು ಓದಲೆಂದು ಕನ್ನಡದಲ್ಲಿ ಬರೆದಿದ್ದರು: "ಗುಲಾಬಿ ಗಿಡಗಳ ಸಲುವಾಗಿ."

"ಗಿಡಕ್ಕ ಹಾಕಿ ಮಿಕ್ಕಿದ್ದು..." ಎಂದು ರುಮಾಲು ಸರಿಮಾಡಿಕೊಂಡರು, "ಮಿಕ್ಕಿದ್ದು ಮಿಕ್ಕಲಿ. ನಾ ಏನೂ ಕೇಳಂಗಿಲ್ಲ."

ಅಷ್ಟು ಹೇಳಲಿಕ್ಕೆ ಆ ಮನುಷ್ಯನಿಗೆ ಎಷ್ಟು ಕಷ್ಟವಾಗಿರಬೇಕೆಂದು ಅವಳಿಗೆ ಗೊತ್ತಿತ್ತು. ಮರುದಿನ ಮನೆಯಲ್ಲೇ, ಓಣಿಗೆಲ್ಲ ಘಾಟು ಹೋಗುವಂತೆ ಹುರಿದಳು. ಡಬ್ಬಿ ತುಂಬಿಕೊಂಡು ಮೆಟ್ಟಿಲ ಮೇಲೆ ಕೂತು ಹಚ್ಚಿದಳು. ರುಚಿಯೇ ಇರಲಿಲ್ಲ. ಎಲೆ ಒಳ್ಳೆಯದೇ, ಹದವೂ ಸರಿಯಾಗಿತ್ತು. ಸಂಜೆ ಗಂಡ ಬಂದವರೇ, "ಹಚ್ಚಿದ್ಯಾ? ಹೆಂಗೈತಿ ಮಾಲು?" ಎಂದರು. ಮರುದಿನವೂ ಕೇಳಿದರು. ರವಿವಾರ ಸದಸ್ಯರು ಹೋದ ಮೇಲೆ ತಾವೂ ಬಂದು ಮೆಟ್ಟಿಲ ಮೇಲೆ, ಅವಳ ಪಕ್ಕದಲ್ಲಿ, ಪತ್ರಿಕೆ ಬಿಡಿಸಿಕೊಂಡು ಕೂತು, "ನಿನ್ನದು ಸಾವಕಾಶ ನಡೀಲಿ" ಎಂದು ಅಪ್ಪಣೆ ಕೊಟ್ಟು, ಅವಳ ಬಾಯಲ್ಲಿ ಮಶೇರಿ ಇರುವಷ್ಟು ಹೊತ್ತೂ ಗುಲಾಬಿಯ ಬಗ್ಗೆ ಮಾತಾಡಿದರು. ಅವಳು ಉತ್ತರ ಕೊಡಲಾರದ್ದು ಅವರಿಗೆ ಬಹಳ ಅನುಕೂಲವಾಯಿತು.

ತಾಯಿ ಕೊಟ್ಟದ್ದು ಅವಳದಾಗಿತ್ತು. ಇದು ಅವರು ಕೊಟ್ಟದ್ದು.

ಸೋಮವಾರ ಪಾತ್ರೆ ತಿಕ್ಕಲು ಬಂದ ಜನಾಬಾಯಿಯನ್ನು ಕಲ್ಯಾಣಮ್ಮ ಹಿತ್ತಲಿಗೆ ಕರೆದಳು. "ನಾಳಿಂದ ಒಂದು ಪೊಟ್ಣಾ ತಾ. ಮೊದಲಿನ ಗತೆ."

"ಅಯ್ಯ ಬಾಯೀರs! ಮನ್ಯಾಗ ಕಟ್ಟಗಟ್ಲೆ ಬಿದ್ದೈತಲ್ರಿ!"

"ಅದು ಗಿಡದ್ದು," ಎಂದಳು ಕಲ್ಯಾಣಮ್ಮ.

ಅಂದಿನಿಂದ ಕಟ್ಟಿನ ತಂಬಾಕು ಒಂದು ಚಿಟಿಕೆಯೂ ಬಿಡದೆ ಗುಲಾಬಿಗೇ ಹೋಯಿತು. ಅವು ಸೊಕ್ಕಿ ಬೆಳೆದು ಇನ್ನೂ ಮೂರು ಸಂಕ್ರಾಂತಿಗೆ ಮೂರು ಕಪ್ಪು ಗೆದ್ದವು. ಮೆಟ್ಟಿಲ ಮೇಲೆ ಅವಳು ಕೂಡದಾದಳು. ಚಟ ಬಿಟ್ಟಳೆಂದು ಮಲ್ಲಿಕಾರ್ಜುನಪ್ಪನವರು ನಂಬಿದರು. ನಿಷೇಧಕ್ಕಿಂತ ಅಪ್ಪಣೆಯೇ ದೊಡ್ಡ ಔಷಧಿ ಎಂಬ ಹೊಸ ಸಿದ್ಧಾಂತದ ಮೇಲೆ, ಹೆಸರು ಹೇಳದೆ, "ನನ್ನ ಪರಿಚಯದ ಒಬ್ಬ ಗೃಹಿಣಿ" ಎಂದು ಶುರುಮಾಡಿ, ಎರಡು ರವಿವಾರ ಮಾತಾಡಿದರು. ಆ ಗೃಹಿಣಿ ಚಹಾ ಸೋಸುತ್ತ ಎರಡೂ ಸಲ ಪೂರ್ತಿ ಕೇಳಿದಳು.

ಹುರಳಿಯ ಗಡಿಗೆ ಈಗ ನಂಬಿಕೆಯದಾಗಿರಲಿಲ್ಲ. ಅದನ್ನು ಅವರು ಒಮ್ಮೆ ತೆರೆದು ನೋಡಿದ್ದರು. ಪೊಟ್ಟಣ ಕೊಡುವಾಗ ಒಮ್ಮೆ ಜನಾಬಾಯಿ, "ಡಬ್ಬಿ ಎಲ್ಲಿ ಇಡತೀರಿ ಈಗ?" ಎಂದು ಕೇಳಿದಳು. ಕಲ್ಯಾಣಮ್ಮ ಪೊಟ್ಟಣವನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಪಡಸಾಲೆಯ ಎತ್ತರದ ಗೂಡಿನಲ್ಲಿ, ನಿರ್ವ್ಯಸನ ಮಂಡಳಿಯ ಸದಸ್ಯರು ಕೂಡುವ ಜಮಖಾನದ ನೇರ ಮೇಲೆ, ನಾಲ್ಕು ಬೆಳ್ಳಿಯ ಕಪ್ಪುಗಳು ಸಾಲಾಗಿ ನಿಂತಿದ್ದವು. ಬಂದವರಿಗೆಲ್ಲ ಮಲ್ಲಿಕಾರ್ಜುನಪ್ಪನವರು ಅವನ್ನು ಕೈ ಮಾಡಿ ತೋರಿಸುತ್ತಿದ್ದರು. ಧೂಳು ಒರೆಸಲು ಸ್ಟೂಲು ಹತ್ತುವವಳು ಅವಳೊಬ್ಬಳೇ. ಮೊದಲನೆಯ ಕಪ್ಪಿಗೆ ಮುಚ್ಚಳವಿತ್ತು.